ನಡುವಿನ ಜಾಗ ಖಾಲಿ ಬಿಡಬೇಡಿ

(ನಲ್ಲೂರಿನಲ್ಲಿ ಫುಟ್‌ಬಾಲ್ ಟೀಮ್ ಕಟ್ಟುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ)

ಪ್ರೀತಿಯ ಮಕ್ಕಳೇ,

ಸಂಕ್ರಾಂತಿ ಹೊತ್ತಿಗೆ ನಮ್ಮೂರಿನಿಂದ ಒಂದು ಫುಟ್‌ಬಾಲ್ ಟೀಮ್ ಇಳಿಸಬೇಕು ಅಂತ ನೀವು ಓಡಾಡುತ್ತಿರುವ ಸುದ್ದಿ ಕೇಳಿ ತುಂಬಾ ಸಂತೋಷವಾಯಿತು. ನಮ್ಮ ದೇವನಹಳ್ಳಿ ಸೀಮೆಯಲ್ಲಿ ಕ್ರಿಕೆಟ್ಟಿಗೆ, ಕಬಡ್ಡಿಗೆ, ವಾಲಿಬಾಲಿಗೆ ಕರೆಯದಿದ್ದರೂ ಹುಡುಗರು ಬಂದು ಸೇರುತ್ತಾರೆ. ಫುಟ್‌ಬಾಲಿಗೆ ಹನ್ನೊಂದು ಜನರನ್ನು ಒಟ್ಟು ಮಾಡುವುದು ಎಷ್ಟು ಕಷ್ಟ ಅನ್ನುವುದು ಈ ತಾಲ್ಲೂಕಿನ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಸರ್ವೀಸು ಮುಗಿಸಿದ ನನಗೆ ಚೆನ್ನಾಗಿ ಗೊತ್ತು. ನೀವು ಅದನ್ನು ಮಾಡಿದ್ದೀರಿ. ಹುಡುಗಿಯರೂ ಸೇರಿಕೊಂಡಿದ್ದಾರೆ ಅಂತ ತಿಳಿದು ಇನ್ನೂ ಖುಷಿಯಾಯಿತು.

ಜರ್ಸಿ ಪ್ರಿಂಟ್ ಮಾಡಿಸಲು ಬರೆದ ಪಟ್ಟಿಯನ್ನು ನಿಮ್ಮಲ್ಲೊಬ್ಬರು ನನಗೆ ತೋರಿಸಿದರು. ಏಳನೇ ನಂಬರಿಗೆ ಪೈಪೋಟಿ, ಹತ್ತನೇ ನಂಬರಿಗೆ ಪೈಪೋಟಿ, ಒಂಬತ್ತಕ್ಕೂ ಹೆಸರುಗಳಿವೆ. ಆರು, ಎಂಟರ ಮುಂದೆ ಯಾರ ಹೆಸರೂ ಇಲ್ಲ. ಯಾರು ಎಲ್ಲಿ ಆಡುತ್ತೀರಿ ಅಂತ ವಿಚಾರಿಸಿದೆ. ಮುಂದೆ ಆಡುವವರು ಎಷ್ಟು ಬೇಕಾದರೂ ಇದ್ದಾರೆ. ಓಡಲು ಬೇಸರ ಪಡುವವರನ್ನು ಬ್ಯಾಕ್‌ಗೆ ಹಾಕಿದ್ದೀರಿ. ಗೋಲಿಗೆ ಒಬ್ಬನನ್ನು ಒತ್ತಾಯ ಮಾಡಿ ನಿಲ್ಲಿಸಿದ್ದೀರಿ. ಮಿಡ್‌ಫೀಲ್ಡ್‌ನಲ್ಲಿ ಆಡುತ್ತೇನೆ ಅಂತ ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಈ ಪತ್ರ ಬರೆಯಲು ಅದೇ ಕಾರಣ. ನಿಮ್ಮ ಮನೆಯವರೂ ಪಂಚಾಯಿತಿಯ ಹಿರಿಯರೂ ಓದಲಿ ಅಂತಲೇ ಬಹಿರಂಗವಾಗಿ ಬರೆದಿದ್ದೇನೆ. ಹಾಲಿನ ಡೇರಿಯ ಗೋಡೆಗೆ ಅಂಟಿಸಿದರೂ ಸರಿಯೇ.

ಏಳನೇ ನಂಬರು ಕೇಳಿದವರಿಗೆಲ್ಲ ರೊನಾಲ್ಡೊ ದೇವರು. ಇರಲಿ, ಅವರ ದುಡಿಮೆ ಅಂಥದ್ದು. ಆದರೆ ಪೋರ್ಚುಗಲ್ ಆಟವನ್ನು ಒಂದು ಸಲ ರೊನಾಲ್ಡೊ ಮೇಲಿಂದ ಕಣ್ಣು ತೆಗೆದು ನೋಡಿ. 2013ರ ನವೆಂಬರ್ 19ರಂದು ಸ್ವೀಡನ್ನಿನ ಸೋಲ್ನಾದಲ್ಲಿ ವಿಶ್ವಕಪ್‌ಗೆ ಹೋಗುವವರು ಯಾರು ಅಂತ ತೀರ್ಮಾನ ಆಗುವ ಮ್ಯಾಚ್. ಪೋರ್ಚುಗಲ್ 3–2ರಿಂದ ಗೆದ್ದಿತು, ಮೂರೂ ಗೋಲು ರೊನಾಲ್ಡೊ ಅವರವೇ. ಆ ಮೂರರಲ್ಲಿ ಎರಡಕ್ಕೆ ಚೆಂಡು ಕೊಟ್ಟವರು ಜೊವಾವೊ ಮೌಟಿನ್ಯೊ ಎಂಬ ಮಿಡ್‌ಫೀಲ್ಡರ್. ಇನ್ನು 2016ರ ಜುಲೈ 10, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್, ಯೂರೋ ಕಪ್ ಫೈನಲ್. ರೊನಾಲ್ಡೊ ಮಂಡಿಗೆ ಪೆಟ್ಟಾಗಿ 25ನೇ ನಿಮಿಷಕ್ಕೇ ಅಳುತ್ತಾ ಹೊರಗೆ ಹೋದರು. ಫ್ರಾನ್ಸ್‌ನ ನೆಲದಲ್ಲಿ, ಫ್ರಾನ್ಸ್ ಎದುರು, ನಾಯಕನೇ ಇಲ್ಲದೆ ಪೋರ್ಚುಗಲ್ ಹೆಚ್ಚುವರಿ ಸಮಯದವರೆಗೂ ಜಗ್ಗಾಡಿತು. 109ನೇ ನಿಮಿಷದಲ್ಲಿ ಎಡರ್ ದೂರದಿಂದ ಹೊಡೆದ ಗೋಲಿನಿಂದ ಕಪ್ ಬಂತು. ಎಡರ್‌ಗೆ ಆ ಚೆಂಡು ಕೊಟ್ಟವರೂ ಅದೇ ಮೌಟಿನ್ಯೊ. ನಿಮ್ಮ ಮೊಬೈಲಿನಲ್ಲಿ ಆ ಗೋಲು ಇದೆ, ನನಗೆ ಗೊತ್ತು. ಈ ಸಲ ಹಾಕಿದಾಗ ಗೋಲಿಗೆ ಹತ್ತು ಸೆಕೆಂಡು ಮುಂಚಿನಿಂದ ನೋಡಿ.

ಹೊರದೇಶದ ಮಾತು ಸಾಕು. ನಾನು ಹೇಳಬೇಕೆಂದಿರುವುದು ಬೆಂಗಳೂರಿನ ಒಬ್ಬ ಮಿಡ್‌ಫೀಲ್ಡರ್ ಬಗ್ಗೆ. ಅವರ ಹೆಸರು ಕಾರ್ಲ್‌ಟನ್ ಚಾಪ್‌ಮನ್. ನಿಮ್ಮಲ್ಲಿ ಕೆಲವರನ್ನು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ತಪ್ಪಲ್ಲ. ಅವರು ಆಟ ನಿಲ್ಲಿಸಿದಾಗ ನಿಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಹೇಳಬೇಕಾಗಿದ್ದವರು ನಾವು.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಆಸ್ಟಿನ್ ಟೌನ್ ಕಡೆ. ನಮ್ಮೂರಿನಿಂದ ಬೆಳಗ್ಗೆ ಬಸ್ಸು ಹತ್ತಿದರೆ ಹೋಗಿ, ನೋಡಿ, ಸಂಜೆಗೆ ವಾಪಸ್ ಬರಬಹುದಾದ ಜಾಗ. ಆಸ್ಟಿನ್ ಟೌನ್, ಹಲಸೂರು, ಗೌತಮಪುರ, ಈ ಕಡೆಯ ಓಣಿಗಳಲ್ಲಿ ಮಕ್ಕಳು ನಡೆಯಲು ಕಲಿಯುವಾಗಲೇ ಚೆಂಡು ಒದೆಯಲೂ ಕಲಿಯುತ್ತಾರೆ. ಗೌತಮಪುರದಲ್ಲಿ ಪೆಲೆ ಅವರ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಅಂಥ ಸೀಮೆಯಿಂದ ಬಂದ ಹುಡುಗ ಚಾಪ್‌ಮನ್. ಎಂಬತ್ತರ ದಶಕದ ನಡುವಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ತರಬೇತಿಗೆ ಸೇರಿದರು, ಆಮೇಲೆ ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್ಬಿಗೆ ಆಡಿದರು.

1990ರಲ್ಲಿ ಜಮ್‌ಶೆಡ್‌ಪುರಕ್ಕೆ ಹೊರಟರು. ಟಾಟಾ ಸ್ಟೀಲ್‌ನವರು 1987ರಲ್ಲಿ ಅಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ತೆರೆದಿದ್ದರು. ನಮ್ಮ ದೇಶದಲ್ಲಿ ಊಟ, ವಸತಿ, ಓದು, ಆಟ ಎಲ್ಲವನ್ನೂ ಒಂದೇ ಕಡೆ ಕೊಟ್ಟು ಆಟಗಾರರನ್ನು ತಯಾರು ಮಾಡಿದ ಮೊದಮೊದಲ ಜಾಗಗಳಲ್ಲಿ ಅದೂ ಒಂದು. ಹತ್ತೊಂಬತ್ತು ವರ್ಷದ ಹುಡುಗ, ಬೆಂಗಳೂರು ಬಿಟ್ಟು ಆಗಿನ ಬಿಹಾರಕ್ಕೆ. ಮನೆಗೆ ಫೋನ್ ಮಾಡಬೇಕಾದರೆ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲಬೇಕಾದ ಕಾಲ ಅದು. ಅಲ್ಲಿ ಮೂರು ವರ್ಷ ಇದ್ದರು. ಆಟ ಹದಕ್ಕೆ ಬಂದದ್ದು ಅಲ್ಲಿ.

1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಅಂದರೆ ಅಲ್ಲಿ ಬರೀ ಟೀಮ್‌ಗಳಲ್ಲ. ಒಂದೇ ಮನೆಯಲ್ಲಿ ಅಪ್ಪ ಮಗ ಮಾತು ಬಿಡುವಂಥ ಪಕ್ಷಗಳು. ಆ ಗದ್ದಲದ ನಡುವೆ ಹೊರಗಿನಿಂದ ಬಂದ ಇಪ್ಪತ್ತೆರಡು ವರ್ಷದ ಹುಡುಗ ಗಟ್ಟಿಯಾಗಿ ನಿಲ್ಲುವುದು ಸುಲಭವಲ್ಲ. ಅವರು ನಿಂತರು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಇರಾಕಿನ ಅಲ್ ಜಾವ್ರಾ ಎದುರಾಳಿ. ಬಾಗ್ದಾದಿನ ದೊಡ್ಡ ಹೆಸರಿನ ಕ್ಲಬ್ಬು. ಈಸ್ಟ್ ಬೆಂಗಾಲ್ ಆ ಮ್ಯಾಚನ್ನು 6–2ರಿಂದ ಗೆದ್ದಿತು, ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಮಿಡ್‌ಫೀಲ್ಡಿನಲ್ಲಿ ಆಡಿದರೆ ಗೋಲು ಹೊಡೆಯಲು ಸಿಗುವುದಿಲ್ಲ ಅಂತ ಮುಖ ಸಣ್ಣಗೆ ಮಾಡುವವರು ಇದನ್ನು ನೆನಪಿಡಬೇಕು. ಹಿಂದಿನಿಂದ ಓಡಿ ಬರುವವನನ್ನು ಹಿಡಿಯುವುದು ಬ್ಯಾಕ್‌ಗಳಿಗೆ ಯಾವತ್ತೂ ಕಷ್ಟ. ಮುಂದೆಯೇ ನಿಂತಿರುವವನು ಅವರ ಕಣ್ಣಿಗೆ ಬಿದ್ದಿರುತ್ತಾನೆ.

ಆದರೂ ಚಾಪ್‌ಮನ್ ಆಟದ ದೊಡ್ಡ ಕಾಲ ಅಂತ ನಾನು ಎಣಿಸುವುದು ಅದರ ನಂತರದ ಎರಡು ವರ್ಷಗಳನ್ನು. 1995ರಲ್ಲಿ ಪಂಜಾಬಿನ ಫಗ್ವಾರಾದ ಜೆಸಿಟಿಗೆ ಹೋದರು. ಬಟ್ಟೆ ಗಿರಣಿಯವರು ಸಾಕಿದ್ದ ಟೀಮು. ಕೋಚ್ ಸುಖ್‌ವಿಂದರ್ ಸಿಂಗ್. ಮುಂದೆ ಆಡಲು ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ. ನಡುವೆ ಬೆಂಗಳೂರಿನ ಚಾಪ್‌ಮನ್. ದೇಶದ ಮೂರು ಮೂಲೆಗಳಿಂದ ಬಂದ ಮೂವರು ಪಂಜಾಬಿನಲ್ಲಿ ಕೂಡಿದರು. ಆ ಎರಡು ವರ್ಷದಲ್ಲಿ ಜೆಸಿಟಿ ಹದಿನಾಲ್ಕು ಪ್ರಶಸ್ತಿ ಗೆದ್ದಿತು. ನಮ್ಮ ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗ್, 1996–97ರದ್ದು, ಅದೂ ಜೆಸಿಟಿ ಪಾಲಾಯಿತು. ಆ ಲೀಗಿನಲ್ಲಿ ಹದಿನಾಲ್ಕು ಗೋಲು ಹೊಡೆದು ಮೊದಲ ಸ್ಥಾನದಲ್ಲಿದ್ದವರು ಭುಟಿಯಾ. ಹದಿನಾಲ್ಕು ಗೋಲಿನ ಲೆಕ್ಕ ಎಲ್ಲಾ ಪುಸ್ತಕಗಳಲ್ಲೂ ಇದೆ. ಗೋಲಿಗೆ ಮುಂಚಿನ ಪಾಸ್‌ಗಳನ್ನು, ಅದಕ್ಕೂ ಮುಂಚೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತದ್ದನ್ನು ಆಗ ಯಾರೂ ಬರೆದಿಡುತ್ತಿರಲಿಲ್ಲ. ಚಾಪ್‌ಮನ್ ದುಡಿಮೆಯ ಬಹುಪಾಲು ಹೀಗೆ ಯಾವ ಕಾಗದಕ್ಕೂ ಏರದೆ ಹೋಗಿದೆ. ಇದು ನನ್ನನ್ನು ಬಹಳ ಕಾಡುತ್ತದೆ.

ಆ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಸಂಜೆಯ ಆಟವನ್ನು ಬದುವಿನ ಮೇಲೆ ಕೂತು ನೋಡಿದ್ದೇನೆ. ಚೆಂಡು ಎಲ್ಲಿದೆಯೋ ಅಲ್ಲಿ ನೀವೆಲ್ಲ ಇರುತ್ತೀರಿ. ಬ್ಯಾಕ್ ಆಡುವವನು ಭಯಕ್ಕೆ ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ, ಅದು ಎಲ್ಲಿ ಬಿದ್ದರೆ ಅಲ್ಲಿಗೆ ಮತ್ತೆ ಎಲ್ಲರ ಓಟ. ಅರ್ಧ ಗಂಟೆಗೆ ಎಲ್ಲರ ನಾಲಗೆಯೂ ಹೊರಗೆ. ನಡುವೆ ಒಬ್ಬಳು ಅಥವಾ ಒಬ್ಬ ನಿಂತಿದ್ದರೆ ಈ ಆಟವೇ ಬೇರೆ ಆಗುತ್ತದೆ. ತೋಟಕ್ಕೆ ನೀರು ಕಟ್ಟುವವರನ್ನು ನೋಡಿದ್ದೀರಲ್ಲ, ಒಂದು ಪಾತಿ ತುಂಬುತ್ತಿದ್ದಂತೆ ಗುದ್ದಲಿಯಿಂದ ಅದನ್ನು ಮುಚ್ಚಿ, ಒಣಗಿದ ಪಾತಿಯ ಕಡೆಗೆ ನೀರು ತಿರುಗಿಸುತ್ತಾರೆ. ಮಿಡ್‌ಫೀಲ್ಡರ್ ಮಾಡುವುದು ಅದೇ. ಜನ ತುಂಬಿದ ಕಡೆಯಿಂದ ಚೆಂಡನ್ನು ಖಾಲಿ ಇರುವ ಕಡೆಗೆ ತಿರುಗಿಸುವುದು.

ಅದಕ್ಕೆ ಮೊದಲು ಬೇಕಾದದ್ದು ಕಾಲಲ್ಲ, ಕತ್ತು. ಚೆಂಡು ನಿಮ್ಮ ಕಡೆ ಉರುಳಿ ಬರುತ್ತಿರುವಾಗಲೇ ಎಡಹೆಗಲ ಮೇಲಿಂದ ಒಂದು ಸಲ, ಬಲಹೆಗಲ ಮೇಲಿಂದ ಒಂದು ಸಲ ಹಿಂದೆ ನೋಡಿಕೊಳ್ಳಬೇಕು. ಹಿಂದೆ ಎದುರಾಳಿ ಇದ್ದಾನೋ ಇಲ್ಲವೋ, ನಮ್ಮವರು ಎಲ್ಲಿ ಓಡುತ್ತಿದ್ದಾರೆ, ಇದು ಚೆಂಡು ಮುಟ್ಟುವ ಮೊದಲೇ ತಲೆಯಲ್ಲಿ ಇರಬೇಕು. ಚೆಂಡು ಸಿಕ್ಕ ಮೇಲೆ ನೋಡುತ್ತೇನೆ ಅಂದರೆ ಅಷ್ಟರಲ್ಲಿ ಅದು ಬೇರೆಯವರ ಕಾಲಲ್ಲಿ ಇರುತ್ತದೆ. ಎರಡನೆಯದು, ನಿಲ್ಲುವ ಭಂಗಿ. ಚೆಂಡಿಗೆ ನೇರ ಎದೆ ಕೊಟ್ಟು ನಿಂತರೆ ಬಂದ ದಾರಿಯಲ್ಲೇ ವಾಪಸ್ ಕೊಡಬೇಕಾಗುತ್ತದೆ. ಅರ್ಧ ಓರೆಯಾಗಿ ನಿಂತು, ದೂರದ ಕಾಲಿನ ಒಳಬದಿಯಿಂದ ತಡೆದರೆ ಆ ಒಂದು ತಡೆಯಲ್ಲೇ ಮೈ ಮುಂದಕ್ಕೆ ತಿರುಗಿರುತ್ತದೆ. ಮೂರನೆಯದು, ಕೊಟ್ಟ ಮೇಲೆ ನಿಂತು ನೋಡಬಾರದು. ಕೊಟ್ಟ ಕೂಡಲೇ ಮತ್ತೆ ಸಿಗುವ ಜಾಗಕ್ಕೆ ಸರಿಯಬೇಕು. ಕೇಳಲು ಇಷ್ಟೇ. ಆದರೆ ತೊಂಬತ್ತು ನಿಮಿಷ, ಸುಸ್ತಾದ ಮೇಲೂ, ಟೀಮ್ ಸೋಲುತ್ತಿರುವಾಗಲೂ ಇದನ್ನೇ ಮಾಡುತ್ತಿರಬೇಕು ಅನ್ನುವುದರಲ್ಲಿ ಕಷ್ಟ ಇದೆ. ಎದುರಾಳಿಗೆ ಚೆಂಡು ಹೋದಾಗ ಮುಂದಿನವರು ಸೊಂಟಕ್ಕೆ ಕೈ ಕೊಟ್ಟು ನಿಲ್ಲಬಹುದು. ನಡುವಿನವರು ನಿಂತರೆ ಗೋಲು ಆಯಿತು ಅಂತಲೇ ಲೆಕ್ಕ.

1997ರಲ್ಲಿ ಚಾಪ್‌ಮನ್ ಎಫ್‌ಸಿ ಕೊಚ್ಚಿನ್ ಸೇರಿದರು. ಆಗಷ್ಟೇ ಹುಟ್ಟಿದ್ದ, ಪೂರ್ತಿ ವೃತ್ತಿಪರ ಕ್ಲಬ್ ಅಂತ ದೇಶವೆಲ್ಲ ತಿರುಗಿ ನೋಡಿದ ಟೀಮ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಸ್ಯಾಫ್ ಕಪ್. ಭಾರತದ ನಾಯಕ ಚಾಪ್‌ಮನ್. ಫೈನಲ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 5–1. ಬೆಂಗಳೂರಿನ ಓಣಿಯಿಂದ ಹೊರಟ ಹುಡುಗ ದೇಶದ ಕಪ್ ಎತ್ತಿದರು. ಇಂಥದ್ದೊಂದು ಆದಾಗ ನಮ್ಮ ಶಾಲೆಗಳಲ್ಲಿ ಪ್ರಾರ್ಥನೆ ಹೊತ್ತಿಗೆ ಹೇಳಬೇಕಿತ್ತು, ಯಾರು ಹೇಳಿದರು?

ಮರುವರ್ಷ ಮತ್ತೆ ಈಸ್ಟ್ ಬೆಂಗಾಲ್. 2000–01ರ ರಾಷ್ಟ್ರೀಯ ಲೀಗನ್ನು ಆ ಕ್ಲಬ್ಬು ಗೆದ್ದಾಗ ನಾಯಕ ಮತ್ತೆ ಇವರೇ. ಮೊದಲ ಲೀಗ್ ಪಂಜಾಬಿನ ಟೀಮಿನ ಜೊತೆ, ಇನ್ನೊಂದು ಬಂಗಾಳದ ಟೀಮಿನ ಜೊತೆ. ನಡುವಿನ ಆಟಗಾರ ಹೋದ ಕಡೆಯೆಲ್ಲ ಕಪ್ ಬಂತು ಅಂದರೆ ಅದು ಬರೀ ಅದೃಷ್ಟ ಅಂತ ನಾನು ಒಪ್ಪುವುದಿಲ್ಲ. 2001ರಲ್ಲಿ ಆಡುವುದು ಬಿಟ್ಟರು. ಆಗ ಅವರಿಗೆ ಮೂವತ್ತು ವರ್ಷ.

ಇಲ್ಲಿಂದ ಮುಂದಿನದನ್ನು ನಿಮಗಿಂತ ಹೆಚ್ಚಾಗಿ ನಿಮ್ಮ ಅಪ್ಪ ಅಮ್ಮಂದಿರು ಓದಬೇಕು. ಆಟ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆ ಅವರದ್ದೇ ತಾನೆ. ಚಾಪ್‌ಮನ್ ಜಮ್‌ಶೆಡ್‌ಪುರಕ್ಕೆ ವಾಪಸ್ ಹೋದರು. ತಾವು ಕಲಿತ ಅಕಾಡೆಮಿಯಲ್ಲೇ ಕೋಚ್ ಆದರು. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನಿಪುರ, ನಮ್ಮ ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ. ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್ ಅಕಾಡೆಮಿಯಲ್ಲಿ ತಾಂತ್ರಿಕ ನಿರ್ದೇಶಕ. ಇವು ಟೀವಿಯಲ್ಲಿ ಕಾಣುವ ಹೆಸರುಗಳಲ್ಲ. ಬಹಳಷ್ಟು ಎರಡನೇ ದರ್ಜೆಯ ಲೀಗಿನವು, ಇಲ್ಲವೇ ಚಿಕ್ಕ ಮಕ್ಕಳಿಗೆ ಕಲಿಸುವ ಜಾಗಗಳು. ದೇಶದ ನಾಯಕನಾಗಿದ್ದವರು ಇಂಥ ಕಡೆಗಳಲ್ಲಿ ಸುಮಾರು ಎರಡು ದಶಕ ದುಡಿದರು. ಸೆಲೆಬ್ರಿಟಿ ಆಗಿ ಕುರ್ಚಿಯಲ್ಲಿ ಕೂರುವ ಬದಲು ಬೆಳಗಿನ ಜಾವ ಎದ್ದು ಬೇರೆಯವರ ಮಕ್ಕಳಿಗೆ ಪಾಸ್ ಕೊಡುವುದನ್ನು ಕಲಿಸಿದರು. ಆಡುವಾಗ ಮಾಡಿದ ಕೆಲಸವನ್ನೇ ಆಡುವುದು ಬಿಟ್ಟ ಮೇಲೂ ಮುಂದುವರಿಸಿದರು ಅಂತ ನನಗನಿಸುತ್ತದೆ.

2020ರ ಅಕ್ಟೋಬರ್ 12, ಸೋಮವಾರ ಬೆಳಗಿನ ಜಾವ, ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ರಾತ್ರಿ ಬೆನ್ನುನೋವು ಅಂತ ಸೇರಿದ್ದರು. ಇನ್ನೂ ನಲವತ್ತೊಂಬತ್ತು ವರ್ಷ. ಕೊರೋನಾ ಕಾಲ. ಜನ ಸೇರುವಂತಿರಲಿಲ್ಲ, ಸುದ್ದಿ ಪೇಪರಿನ ಒಳಪುಟದಲ್ಲಿ ಬಂದು ಹೋಯಿತು. ಕೋಲ್ಕತ್ತದವರು ಅತ್ತಷ್ಟು ನಮ್ಮವರು ಅಳಲಿಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ನಮ್ಮ ಮರೆವು ಚಾಪ್‌ಮನ್ ಅವರಿಂದ ಶುರುವಾದದ್ದೂ ಅಲ್ಲ. ಅವರಿಗಿಂತ ಎರಡು ತಲೆಮಾರು ಹಿಂದೆ ಬೆಂಗಳೂರಿನವರೇ ಆದ ಮರಿಯಪ್ಪ ಕೆಂಪಯ್ಯ ಇದ್ದರು. ಆಗ ಮಿಡ್‌ಫೀಲ್ಡ್ ಅನ್ನುತ್ತಿರಲಿಲ್ಲ, ಹಾಫ್ ಅನ್ನುತ್ತಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸೈಯದ್ ಅಬ್ದುಲ್ ರಹೀಮ್ ತಯಾರು ಮಾಡಿದ ಭಾರತದ ಟೀಮು ಸೆಮಿಫೈನಲ್ ತಲುಪಿ ನಾಲ್ಕನೇ ಸ್ಥಾನ ಪಡೆಯಿತು. ಏಷ್ಯಾದ ಯಾವ ದೇಶವೂ ಅದಕ್ಕೆ ಮುಂಚೆ ಅಷ್ಟು ದೂರ ಹೋಗಿರಲಿಲ್ಲ. ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4–2ರಿಂದ ಸೋಲಿಸಿದ ಆ ಟೀಮಿನಲ್ಲಿ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಹೆಸರು ಇತಿಹಾಸದಲ್ಲಿ ಉಳಿದಿದೆ. ನಡುವೆ ನೂರ್ ಮೊಹಮ್ಮದ್ ಜೊತೆ ಜೋಡಿಯಾಗಿ ದುಡಿದವರು ಕೆಂಪಯ್ಯ. ನಾಲ್ಕು ವರ್ಷದ ನಂತರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಮೋಹನ್ ಬಾಗಾನ್‌ಗೆ ಆಡಿದರು. 2008ರಲ್ಲಿ ತೀರಿಕೊಂಡರು. ಕೆಂಪಯ್ಯ ಅನ್ನುವ ಹೆಸರಿನವರು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಹೆಸರಿನವರೊಬ್ಬರು ಎರಡು ಒಲಿಂಪಿಕ್ಸ್ ಕಂಡವರು ಅಂತ ನಿಮ್ಮ ತಾತಂದಿರಿಗೆ ಹೇಳಿ ನೋಡಿ. ಅದಕ್ಕೂ ಹಿಂದೆ, 1948 ಮತ್ತು 1952ರ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅಹಮದ್ ಖಾನ್ ಅವರನ್ನೂ ಅವರ ಜೊತೆಯ ನಾಲ್ವರನ್ನೂ ಈಸ್ಟ್ ಬೆಂಗಾಲ್ ಅಭಿಮಾನಿಗಳು ಪಂಚಪಾಂಡವರು ಅಂತ ಕರೆದರು. ಐವರೂ ಫಾರ್ವರ್ಡ್‌ಗಳೇ. ಅವರ ಹಿಂದೆ ನಿಂತು ಚೆಂಡು ಒದಗಿಸಿದವರಿಗೆ ಅಂಥ ಹೆಸರು ಯಾರೂ ಇಡಲಿಲ್ಲ. ಎಲ್ಲ ಕಾಲದಲ್ಲೂ ಹೀಗೇ ನಡೆದಿದೆ.

ಈ ನಾಡಿನ ಫುಟ್‌ಬಾಲ್ ಸಣ್ಣದಲ್ಲ, ಮಕ್ಕಳೇ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. 1968–69ರ ನಂತರ ಬರ ಬಂತು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಾಗ ಐವತ್ತನಾಲ್ಕು ವರ್ಷ ಕಳೆದಿತ್ತು. ನೀವು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚಿಗೆ ಹೋಗಿ ಛೆಟ್ರಿ ಹೆಸರು ಕೂಗುತ್ತೀರಿ, ಕೂಗಬೇಕು. ಆದರೆ ಆ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಅದಕ್ಕೂ ಮುಂಚೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಈ ಆಟವನ್ನು ಸಾಕಿದವು. ಆಡುವ ಹುಡುಗನಿಗೆ ಕೆಲಸ ಕೊಟ್ಟವು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ತಿಂಗಳಿಗೆ ಸಂಬಳ, ವಯಸ್ಸಾದ ಮೇಲೂ ನೌಕರಿ.

ಆ ದಾರಿ ಈಗ ಕಿರಿದಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಚಾಪ್‌ಮನ್ ಆಡಿದ ಜೆಸಿಟಿ 2011ರಲ್ಲಿ ಟೀಮನ್ನೇ ಮುಚ್ಚಿತು. ಎಫ್‌ಸಿ ಕೊಚ್ಚಿನ್ ಅದಕ್ಕೂ ಮೊದಲೇ ಹೋಯಿತು. ಅವರು ಎರಡು ಸಲ ಗೆದ್ದ ರಾಷ್ಟ್ರೀಯ ಲೀಗ್ ಕೂಡ 2007ರಲ್ಲಿ ಹೆಸರು ಬದಲಿಸಿಕೊಂಡು ಐ-ಲೀಗ್ ಆಯಿತು. ಹಾಗಾಗಿ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದುಕೊಳ್ಳಿ ಅಂತ ನಾನು ನಿಮ್ಮಲ್ಲಿ ಯಾರಿಗೂ ಹೇಳುತ್ತಿಲ್ಲ. ಏರ್‌ಪೋರ್ಟಿನಲ್ಲಿ ಕೆಲಸ ಇದ್ದರೆ ಬಿಡಬೇಡಿ, ಐಟಿಐ ಓದುತ್ತಿದ್ದರೆ ಮುಗಿಸಿ, ರೇಷ್ಮೆ, ದ್ರಾಕ್ಷಿ ತೋಟ ಇದ್ದರೆ ಅಪ್ಪನ ಜೊತೆ ನಿಲ್ಲಿ. ಆಟವನ್ನು ಆಟವಾಗಿಯೇ ಚೆನ್ನಾಗಿ ಆಡಿ. ಚೆನ್ನಾಗಿ ಆಡಬೇಕಾದರೆ ನಡುವೆ ಒಳ್ಳೆಯವರು ಬೇಕು. ನನ್ನ ಹಟ ಇಷ್ಟಕ್ಕೇ.

ಈಗ ಹಿರಿಯರಿಗೆ ಒಂದು ಮಾತು. ನಮ್ಮ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರ ಕೈಬಿಡುವಂತೆ ಮಾಡಿದವರು ನೀವು, ಈ ಹಳ್ಳಿಗಳ ರೈತರು. ಹೆಣ್ಣುಮಕ್ಕಳು ಬಿಸಿಲಲ್ಲಿ ಕೂತಿದ್ದನ್ನು ಇಡೀ ರಾಜ್ಯ ನೋಡಿದೆ. ಹಾಗೆ ಹೋರಾಡಿ ಉಳಿಸಿಕೊಂಡ ನೆಲದಲ್ಲಿ ನಮ್ಮ ಮಕ್ಕಳು ಬೆಳೆ ತೆಗೆದ ಹೊಲದಲ್ಲಿ, ಕೂಳೆ ಚುಚ್ಚಿಸಿಕೊಂಡು ಆಡುತ್ತಿದ್ದಾರೆ. ಬಿತ್ತನೆ ಬಂದರೆ ಅದೂ ಇಲ್ಲ. ಯಾರ ಹಿಡುವಳಿಯನ್ನೂ ಕೇಳುತ್ತಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಎಲ್ಲಾದರೂ ನೂರು ಮೀಟರ್ ಉದ್ದ, ಅರವತ್ತೈದು ಮೀಟರ್ ಅಗಲದ ಸಮತಟ್ಟು ಸರ್ಕಾರಿ ಜಾಗ ಗುರುತಿಸಿ, ಆಟದ ಮೈದಾನ ಅಂತ ದಾಖಲೆಯಲ್ಲಿ ಬರೆಸಿ. ಎಕರೆ ಲೆಕ್ಕದಲ್ಲಿ ಎರಡಕ್ಕಿಂತ ಕಡಿಮೆ. ಹುಲ್ಲು ಹಾಸಬೇಕಿಲ್ಲ, ಲೈಟು ಬೇಡ. ಕಲ್ಲು ಆರಿಸಿ, ಮಣ್ಣು ತುಳಿಸಿ ಕೊಟ್ಟರೆ ಸಾಕು.

ಹುಣಸೆ ತೋಪಿನ ಬಯಲು ಚೆನ್ನಾಗಿದೆ, ನೆರಳಿದೆ, ಅಲ್ಲೇ ಆಡೋಣ ಅಂತ ನಿಮ್ಮಲ್ಲಿ ಕೆಲವರು ಅಂದದ್ದು ಕಿವಿಗೆ ಬಿತ್ತು. ದಯವಿಟ್ಟು ಬೇಡ. ಐವತ್ತನಾಲ್ಕು ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದದ್ದು. ಶತಮಾನಗಳನ್ನು ಕಂಡ ಮರಗಳು ಅವು. ಅವುಗಳ ಬುಡದಲ್ಲಿ ನೆಲ ತುಳಿದು ಗಟ್ಟಿ ಮಾಡಿದರೆ ಬೇರಿಗೆ ನೀರು ಇಳಿಯುವುದಿಲ್ಲ. ಕಾಂಡಕ್ಕೆ ಗೋಲ್ ಕಂಬದ ಹಗ್ಗ ಕಟ್ಟುವುದಂತೂ ಬೇಡವೇ ಬೇಡ. ಆಟ ಮುಗಿದ ಮೇಲೆ ಹೋಗಿ ಕೂತು ದಣಿವಾರಿಸಿಕೊಳ್ಳಿ, ಚೆಂಡು ಹೊರಗಿರಲಿ.

ಹುಡುಗಿಯರೇ, ನಿಮಗೆ ಬೇರೆಯಾಗಿ ಒಂದು ಮಾತಿದೆ. ಹುಡುಗರ ಜೊತೆ ಸೇರಿ ಆಡುವಾಗ ನಿಮ್ಮನ್ನು ಅಂಚಿಗೆ ತಳ್ಳುತ್ತಾರೆ. ಥ್ರೋ ಹಾಕಲು, ಹೊರಗೆ ಹೋದ ಚೆಂಡು ತರಲು ಕಳಿಸುತ್ತಾರೆ. ನಾನು ನೋಡಿದ್ದೇನೆ. ಒಪ್ಪಿಕೊಳ್ಳಬೇಡಿ. ನಡುವಿನ ಜಾಗಕ್ಕೆ ಮೈಬಲಕ್ಕಿಂತ ನೋಟ ಮುಖ್ಯ ಅಂತ ಮೇಲೆ ಹೇಳಿದೆನಲ್ಲ, ನಿಮ್ಮಲ್ಲಿ ಇಬ್ಬರಿಗೆ ಆ ನೋಟ ಈಗಾಗಲೇ ಇದೆ. ಚೆಂಡು ಬರುವ ಮೊದಲೇ ಹಿಂದೆ ತಿರುಗಿ ನೋಡಿದ್ದು ಇಡೀ ಸಂಜೆಯಲ್ಲಿ ನೀವಿಬ್ಬರೇ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಆರು, ಎಂಟು ನಂಬರು ಖಾಲಿ ಇವೆ. ಹೋಗಿ ಕೇಳಿ.

ಇನ್ನು ಸಂಕ್ರಾಂತಿ ಪಂದ್ಯದ ಬಗ್ಗೆ. ಬಹುಮಾನದ ಪಟ್ಟಿಯಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಒಂದು ಟ್ರೋಫಿ ಅಂತ ಹಾಕಿದ್ದೀರಿ. ಅದರ ಪಕ್ಕದಲ್ಲಿ ಒಳ್ಳೆಯ ಮಿಡ್‌ಫೀಲ್ಡರ್‌ಗೆ ಇನ್ನೊಂದು ಇರಲಿ, ಅದಕ್ಕೆ ಕಾರ್ಲ್‌ಟನ್ ಚಾಪ್‌ಮನ್ ಹೆಸರಿಡಿ. ಖರ್ಚು ನನ್ನದು. ಎರಡೂ ಒಂದೇ ಎತ್ತರದ್ದಾಗಿರಲಿ, ಅಂಗಡಿಯವನು ಚಿಕ್ಕದು ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅದನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಗೆರೆಯ ಪಕ್ಕ ಇಬ್ಬರನ್ನು ನೋಟ್‌ಬುಕ್ ಕೊಟ್ಟು ಕೂರಿಸಿ. ಯಾರು ಎಷ್ಟು ಸಲ ಚೆಂಡು ಕಿತ್ತರು, ಎಷ್ಟು ಪಾಸ್ ಸರಿಯಾಗಿ ನಮ್ಮವರಿಗೇ ಸೇರಿತು, ಗೋಲಿಗೆ ಮುಂಚಿನ ಪಾಸ್ ಯಾರದ್ದು, ಈ ಮೂರು ಕಾಲಂ ಸಾಕು. ಜೆಸಿಟಿ ಕಾಲದಲ್ಲಿ ಯಾರೂ ಬರೆಯದೇ ಹೋದದ್ದನ್ನು ನಲ್ಲೂರಿನಲ್ಲಿ ನಾವು ಬರೆದಿಡೋಣ.

ಅಲ್ಲಿಯವರೆಗೆ ಭಾನುವಾರಗಳಂದು ಬೆಳಗ್ಗೆ ಆರೂವರೆಗೆ ನಾನು ಬರುತ್ತೇನೆ. ಆರು ಜನ ಸುತ್ತ, ಇಬ್ಬರು ನಡುವೆ, ಸುತ್ತ ಇರುವವರು ಚೆಂಡನ್ನು ಎರಡು ತಡೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಇದೊಂದೇ ಆಟ ಆಡಿಸುತ್ತೇನೆ. ಬೇಜಾರಾಗುತ್ತದೆ, ಬೇಜಾರಾದರೂ ಬನ್ನಿ. ಚೆಂಡಿಗೆ ಗಾಳಿ ಹಿಂದಿನ ದಿನವೇ ತುಂಬಿಸಿಡಿ. ಹೋದ ಸಲ ಮೆತ್ತಗಿತ್ತು.

ಇಂತಿ ನಿಮ್ಮ
ಹಳೆಯ ಪಿ.ಟಿ. ಮೇಷ್ಟ್ರು
ನಲ್ಲೂರು, ದೇವನಹಳ್ಳಿ ತಾಲ್ಲೂಕು